ಸಾಲದ ಪುಸ್ತಕದಲ್ಲಿ ಸಿಕ್ಕ ಹೆಸರು

ಮೆಲ್ಬರ್ನಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿಗೆ ಈಗ ಎಪ್ಪತ್ತನಾಲ್ಕು ವರ್ಷ. ಎದುರಿಗೆ ಅವರನ್ನು ಹೆಸರು ಹಿಡಿದೇ ಕರೆಯಬೇಕು, ಅಲ್ಲಿಯ ರೂಢಿ ಹಾಗೆ. ಮನಸ್ಸಿನೊಳಗೆ ಮಾತ್ರ ನಾನು ಅವರನ್ನು ಅಜ್ಜಿ ಎಂದೇ ಕರೆಯುವುದು; ಈ ಬರಹದಲ್ಲೂ ಹಾಗೇ ಕರೆಯುತ್ತೇನೆ. ಕಳೆದ ಚಳಿಗಾಲದ ಒಂದು ಸಂಜೆ ಅಜ್ಜಿ ಹಳೆಯ ಬಿಸ್ಕತ್ತಿನ ಡಬ್ಬವೊಂದನ್ನು ತಂದು ನನ್ನ ಮುಂದಿಟ್ಟರು. ಒಳಗೆ ಬೆನ್ನು ಕಳಚಿದ ಒಂದು ಗೇಲಿಕ್ ಬೈಬಲ್, ಮುಖಗಳು ಮಾಸಿಹೋದ ಎರಡು ಫೋಟೊ, ಅವರ ತಂದೆ ಪೆನ್ಸಿಲಿನಲ್ಲಿ ಬರೆದಿಟ್ಟ ಒಂದು ಹಾಳೆ. ತಂದೆಯ ಕಡೆಯವರು ಸ್ಕಾಟ್ಲೆಂಡಿನ ಸ್ಕೈ ದ್ವೀಪದವರು, ತಾಯಿಯ ಕಡೆಯವರು ಇಂಗ್ಲೆಂಡಿನ ವಿಲ್ಟ್‌ಶೈರಿನವರು ಎಂದು ಅದರಲ್ಲಿತ್ತು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: "ಎಲ್ಲರೂ ಸ್ವತಂತ್ರರಾಗಿ ಬಂದವರು."

ಆಸ್ಟ್ರೇಲಿಯಾದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಸ್ವತಂತ್ರರಾಗಿ ಬಂದವರು ಎಂದರೆ ಕೈದಿಗಳಾಗಿ ಬಂದವರಲ್ಲ ಎಂದು. 1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,62,000 ಕೈದಿಗಳನ್ನು ಹಡಗಿಗೆ ಹತ್ತಿಸಿ ಇಲ್ಲಿಗೆ ಸಾಗಿಸಿತು. ಅದಾದ ಮೇಲೆ ಎಷ್ಟೋ ಮನೆಗಳಲ್ಲಿ ಮೂರು ನಾಲ್ಕು ತಲೆಮಾರಿನ ತನಕ ಆ ಸುದ್ದಿಯನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಮುಂದಿನ ವರ್ಷ ಗಿಪ್ಸ್‌ಲ್ಯಾಂಡಿನಲ್ಲಿ ಅಜ್ಜಿಯ ಕುಟುಂಬದವರೆಲ್ಲ ಸೇರುವವರಿದ್ದರು. ಅಷ್ಟರಲ್ಲಿ ಒಂದು ಸಣ್ಣ ಪುಸ್ತಿಕೆ ಆಗಬೇಕು. "ನೀನು ದಿನಾ ಹಳೇ ಕಾಗದ ಓದುವವಳು. ನಮ್ಮವರನ್ನೂ ಒಂದಿಷ್ಟು ಹುಡುಕಿ ಕೊಡ್ತೀಯಾ?" ಎಂದರು. ನನ್ನ ಪಿಎಚ್‌ಡಿ ಇರುವುದು ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಸರ್ಕಾರದ ಬರ ಪರಿಹಾರದ ಬಗ್ಗೆ. ವಂಶಾವಳಿ ನನ್ನ ಕ್ಷೇತ್ರವಲ್ಲ. ಆದರೂ ಒಪ್ಪಿಕೊಂಡೆ. ಬಾಡಿಗೆಯಲ್ಲಿ ರಿಯಾಯಿತಿ ಸಿಕ್ಕೀತು ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ನನ್ನೂರು ಗದಗದ ಹತ್ತಿರದ ಒಂದು ಹಳ್ಳಿ. ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರು. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸುತ್ತಿದ್ದ. ಅವರು ನಮ್ಮ ಮನೆತನದ ಹೆಸರುಗಳನ್ನು ಒಂದಾದ ಮೇಲೊಂದು ಹೇಳುತ್ತ ಹೋಗುವರು: ಯಾರ ಮಗ ಯಾರು, ಯಾರು ಯಾವ ಊರು ಬಿಟ್ಟು ಎಲ್ಲಿಗೆ ಬಂದರು, ಯಾವ ಹೊಲ ಯಾರ ಪಾಲಿಗೆ ಹೋಯಿತು. ಕೇಳಿದ್ದಕ್ಕೆ ಪ್ರತಿಯಾಗಿ ಜೋಳ ಅಳೆದು ಕೊಡುತ್ತಿದ್ದೆವು. ಒಮ್ಮೆ ನಾನು, "ಅಜ್ಜನ ಅವ್ವನ ಹೆಸರೇನು?" ಎಂದು ಕೇಳಿದ್ದೆ. ಹೆಳವ ನಕ್ಕು ಮುಂದಿನ ಗಂಡಸಿನ ಹೆಸರಿಗೆ ಹೋದ. ಅಪ್ಪ, "ನದಿ ಮೂಲ, ಋಷಿ ಮೂಲ, ಹೆಣ್ಣಿನ ಮೂಲ ಕೇಳಬಾರದವ್ವ" ಎಂದಿದ್ದ. ಅಜ್ಜಿಯ ಡಬ್ಬ ಎದುರಿಗಿದ್ದಾಗ ನನಗೆ ನೆನಪಾದದ್ದು ಆ ಕಂಬಳಿ, ಆ ಜೋಳ.

*

ಅಜ್ಜಿಯ ತಂದೆಯ ಕಡೆಯಿಂದ ಶುರು ಮಾಡಿದೆ. ಸ್ಕೈ ಇರುವುದು ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಗೆ ಅಂಟಿಕೊಂಡಂತೆ. ಗುಡ್ಡ, ಜೌಗು, ಮಳೆ. ಅಲ್ಲಿಯ ರೈತರಿಗೆ ನೆಲ ಸ್ವಂತದ್ದಲ್ಲ. ಜಮೀನುದಾರನಿಂದ ವರ್ಷವರ್ಷದ ಗುತ್ತಿಗೆಗೆ ಪಡೆದ ಸಣ್ಣ ತುಂಡು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಕಡಲಪಾಚಿ ಸುಟ್ಟು ಬೂದಿ ಮಾರುವ ದಂಧೆ ಚೆನ್ನಾಗಿ ನಡೆಯಿತು, ಗಾಜು ಮತ್ತು ಸಾಬೂನು ತಯಾರಿಕೆಗೆ ಆ ಬೂದಿ ಬೇಕಿತ್ತು. ಆಗ ಜಮೀನುದಾರರಿಗೆ ಜನ ಹೆಚ್ಚಿದ್ದಷ್ಟೂ ಒಳ್ಳೆಯದು. ಯುದ್ಧ ಮುಗಿದ ಮೇಲೆ ದಂಧೆ ಬಿತ್ತು, ಜನ ಹೊರೆಯಾದರು. ಕುರಿ ಲಾಭದ್ದಾಯಿತು. ಹಳ್ಳಿಗೆ ಹಳ್ಳಿಯನ್ನೇ ಎಬ್ಬಿಸಿ ಕುರಿ ಬಿಟ್ಟ ಈ ಕಾಲಕ್ಕೆ ಅಲ್ಲಿಯವರು 'ಕ್ಲಿಯರೆನ್ಸ್' ಎನ್ನುತ್ತಾರೆ. ಕಳೆ ಕಿತ್ತ ಹಾಗೆ ಜನರನ್ನು ಕಿತ್ತರು ಎಂದರೆ ಸರಿಹೋದೀತು. ಉಳಿದವರು ಕಲ್ಲುನೆಲದ ಅಂಚಿನಲ್ಲಿ ಆಲೂಗಡ್ಡೆ ಬೆಳೆದು ಬದುಕಿದರು. 1846ರಲ್ಲಿ ಆಲೂಗಡ್ಡೆಗೂ ರೋಗ ಬಿತ್ತು.

ಈ ಜನರನ್ನು ಕಾಗದದಲ್ಲಿ ಹುಡುಕುವುದು ಸುಲಭವಲ್ಲ. ಸ್ಕಾಟ್ಲೆಂಡಿನಲ್ಲಿ ಸರ್ಕಾರವೇ ಜನನ ಮರಣ ನೋಂದಾಯಿಸತೊಡಗಿದ್ದು 1855ರಿಂದ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ, ಹೈಲ್ಯಾಂಡಿನ ಹಲವು ಚರ್ಚುಗಳಲ್ಲಿ ಅವು ತಡವಾಗಿ ಶುರುವಾಗಿ ನಡುನಡುವೆ ಹರಿದಿವೆ. 1843ರಲ್ಲಿ ಚರ್ಚು ಒಡೆದು ಬಹಳ ಮಂದಿ ಹೊಸ ಫ್ರೀ ಚರ್ಚಿಗೆ ಹೋದದ್ದರಿಂದ ಹಳೆಯ ಪುಸ್ತಕದಿಂದ ಅವರ ಮಕ್ಕಳ ಹೆಸರೂ ಮಾಯವಾಯಿತು. 1841ರ ಜನಗಣತಿ ಇದೆ, ಆದರೆ ಅದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು, ಮೂವತ್ತನಾಲ್ಕರವನು ಮೂವತ್ತರವನಾಗುತ್ತಾನೆ.

ಹೆಸರುಗಳದ್ದು ಇನ್ನೊಂದು ಗೋಜಲು. ಊರೆಲ್ಲ ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಲಿಯೋಡ್, ಮ್ಯಾಕಿನಾನ್. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅವ್ವನ ಅಪ್ಪನ ಹೆಸರು, ಮೊದಲ ಮಗಳಿಗೆ ಅವ್ವನ ಅವ್ವನ ಹೆಸರು. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದಾದ್ದರಿಂದ ಈ ಲೆಕ್ಕ ನನಗೆ ಬೇಗ ಹಿಡಿತಕ್ಕೆ ಬಂತು. ಎರಡೂ ಅಜ್ಜಂದಿರು ಡೊನಾಲ್ಡ್ ಆಗಿದ್ದರೆ? ಒಂದೇ ಮನೆಯಲ್ಲಿ ಇಬ್ಬರು ಡೊನಾಲ್ಡ್ ಇರುತ್ತಿದ್ದರು, ದೊಡ್ಡವ ಮತ್ತು ಸಣ್ಣವ. ಜನ ಆಡುತ್ತಿದ್ದದ್ದು ಗೇಲಿಕ್, ಬರೆಯುತ್ತಿದ್ದವನು ಇಂಗ್ಲಿಷ್ ಗುಮಾಸ್ತ. ಟಾರ್ಮಡ್ ಎಂಬವನು ನಾರ್ಮನ್ ಆಗುತ್ತಾನೆ. ಮೋರ್ ಎಂಬ ಹೆಂಗಸು ಒಂದು ಕಡೆ ಮೇರಿಯನ್, ಮತ್ತೊಂದು ಕಡೆ ಸಾರಾ. ಒಂದು ಅನುಕೂಲವೂ ಇತ್ತು: ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿಗೆ ತವರಿನ ಹೆಸರು ಅಳಿಸಿಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಅಳಿಸಿಹೋಗುತ್ತದೆ. ಅಜ್ಜಿಯ ಮುತ್ತಜ್ಜನ ತಾಯಿ ನನಗೆ ಸಿಕ್ಕಿದ್ದು ಈ ತವರಿನ ಹೆಸರಿನಿಂದಲೇ.

ಅವಳು ಸಿಕ್ಕಿದ್ದು ಚರ್ಚಿನಲ್ಲಲ್ಲ, ಸಾಲದ ಪುಸ್ತಕದಲ್ಲಿ.

ಬರದಲ್ಲಿ ನರಳುತ್ತಿದ್ದ ದ್ವೀಪವಾಸಿಗಳನ್ನು ಆಸ್ಟ್ರೇಲಿಯಾಕ್ಕೆ ಕಳಿಸಲೆಂದು 1852ರಲ್ಲಿ ಹೈಲ್ಯಾಂಡ್ ಅಂಡ್ ಐಲ್ಯಾಂಡ್ ಎಮಿಗ್ರೇಶನ್ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. 1857ರ ಹೊತ್ತಿಗೆ ಅದು ಸುಮಾರು ಐದು ಸಾವಿರ ಜನರನ್ನು ಸಾಗಿಸಿತ್ತು. ಕಾಲವೂ ಕೂಡಿಬಂದಿತ್ತು. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿ ಕುರಿ ಕಾಯುವವರೆಲ್ಲ ಗಣಿಗೆ ಓಡಿದ್ದರು. ಅಲ್ಲಿ ಆಳು ಬೇಕು, ಇಲ್ಲಿ ಆಳು ಹೆಚ್ಚು. ಹಡಗಿನ ವೆಚ್ಚವನ್ನು ಸರ್ಕಾರದ ವಲಸೆ ಆಯೋಗ ಭರಿಸುತ್ತಿತ್ತು. ಬಟ್ಟೆಬರೆ, ಮುಂಗಡ, ಬಂದರಿನ ತನಕದ ದಾರಿಖರ್ಚನ್ನು ಸೊಸೈಟಿ ಸಾಲವಾಗಿ ಕೊಡುತ್ತಿತ್ತು. ಅದರಲ್ಲಿ ಮೂರನೇ ಒಂದು ಪಾಲನ್ನು ಜಮೀನುದಾರ ಕೊಡಬೇಕು. ಜನ ಹೋದರೆ ಅವನಿಗೇ ಲಾಭವಲ್ಲವೇ. ಹೋದವರು ಅಲ್ಲಿ ದುಡಿದು ಸಾಲ ತೀರಿಸುತ್ತೇವೆಂದು ಬರೆದುಕೊಡಬೇಕು.

ಸಾಲ ಕೊಟ್ಟವರು ಪಟ್ಟಿ ಇಡದೇ ಬಿಡುತ್ತಾರೆಯೇ? ಆ ಪಟ್ಟಿಗಳು ಇಂದು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿವೆ. ಕುಟುಂಬದವರ ಹೆಸರು, ವಯಸ್ಸು, ಊರು, ಯಾರ ಜಮೀನು, ಯಾವ ಹಡಗು, ಎಷ್ಟು ಸಾಲ. ಅಜ್ಜಿಯ ಕುಟುಂಬ ಅಲ್ಲಿತ್ತು: ಸ್ಕೈನ ಸ್ಟ್ರಾತ್ ಪ್ಯಾರಿಷ್, ಲಾರ್ಡ್ ಮ್ಯಾಕ್‌ಡೊನಾಲ್ಡನ ಜಮೀನು, ಗಂಡ, ಹೆಂಡತಿ, ನಾಲ್ಕು ಮಕ್ಕಳು. ಹೆಂಡತಿಯ ವಯಸ್ಸು ಮೂವತ್ತೆಂಟು ಎಂದಿತ್ತು. ಹಿಂದಿನ ವರ್ಷದ ಜನಗಣತಿಯಲ್ಲಿ ಅವಳಿಗೆ ನಲವತ್ತಮೂರು! ಆಯೋಗಕ್ಕೆ ಬೇಕಾದದ್ದು ದುಡಿಯುವ ವಯಸ್ಸಿನವರು. ಗಡಿ ದಾಟಿದವರು ಒಂದಿಷ್ಟು ವರ್ಷ ಕೆಳಗಿಳಿಸಿ ಹೇಳುವುದು ಆಗ ಸಾಮಾನ್ಯ. ಇದನ್ನು ಹೇಳಿದಾಗ ಅಜ್ಜಿ ಬಹಳ ಹೊತ್ತು ನಕ್ಕರು. "ನಮ್ಮ ಮನೆಯ ಹೆಂಗಸರು ವಯಸ್ಸು ಮುಚ್ಚಿಡೋದು ಅವತ್ತಿನಿಂದಲೇ ಬಂದಿದೆ ಅನ್ನು."

ಆಮೇಲೆ ಹಡಗಿನ ಹೆಸರು ಓದಿದೆ: ಹರ್ಕ್ಯುಲಿಸ್. ನಗು ನಿಂತಿತು. ಅಜ್ಜಿಗೆ ಅದು ಬರೀ ಒಂದು ಹೆಸರು, ನನಗೆ ಅದರ ಕಥೆ ಗೊತ್ತಿತ್ತು.

ಹರ್ಕ್ಯುಲಿಸ್ ಹಳೆಯ ಯುದ್ಧನೌಕೆ. ಸ್ಕೈ, ಹ್ಯಾರಿಸ್, ನಾರ್ತ್ ವಿಸ್ಟ್ ದ್ವೀಪಗಳ ಏಳು ನೂರಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು 1852ರ ಡಿಸೆಂಬರ್ 26ರಂದು ಕ್ಯಾಂಬೆಲ್‌ಟೌನ್ ಬಂದರಿನಿಂದ ಹೊರಟಿತು. ಹೊರಟ ಕೂಡಲೇ ಬಿರುಗಾಳಿ ಹಿಂದಕ್ಕೆ ತಳ್ಳಿತು. ಮತ್ತೆ ಹೊರಟಾಗ ಒಳಗೆ ಸಿಡುಬು, ಟೈಫಸ್ ಜ್ವರ. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ನಿಲ್ಲಿಸಿ ತಿಂಗಳುಗಟ್ಟಲೆ ದಿಗ್ಬಂಧನದಲ್ಲಿಟ್ಟರು. ಐವತ್ತಾರು ಜನ ಸತ್ತರು. ಕಾಯಿಲೆಯವರನ್ನು, ಅವರ ಮನೆಯವರನ್ನು ಇಳಿಸಿ ಬೇರೆಬೇರೆ ಹಡಗುಗಳಿಗೆ ಹಂಚಿದರು. ಹೀಗೆ ಒಂದೇ ಮನೆಯವರು ಬೇರೆಬೇರೆ ಬಂದರುಗಳಲ್ಲಿ ಇಳಿದದ್ದುಂಟು. 1853ರ ಏಪ್ರಿಲಿನಲ್ಲಿ ಮತ್ತೆ ಹೊರಟ ಹರ್ಕ್ಯುಲಿಸ್ ಅಡಿಲೇಡ್ ಮುಟ್ಟಿದ್ದು ಜುಲೈನಲ್ಲಿ. ಅಜ್ಜಿಯ ಕುಟುಂಬದಲ್ಲಿ ಗಂಡನೂ ಕೊನೆಯ ಮಗುವೂ ಕಾರ್ಕ್‌ನಲ್ಲೇ ಉಳಿದರು. ಮೆಲ್ಬರ್ನಿನ ಪಟ್ಟಿಯಲ್ಲಿ ಅವಳು ವಿಧವೆ, ಜತೆಗೆ ಮೂರು ಮಕ್ಕಳು. ಸಾಲ ಮಾತ್ರ ಆರು ಜನರ ಹೆಸರಿನಲ್ಲಿ ತೆಗೆದದ್ದು.

ಸೊಸೈಟಿಯನ್ನು ಲಂಡನ್ನಿನಿಂದ ನಡೆಸುತ್ತಿದ್ದವನು ನನಗೆ ಹಳೆಯ ಪರಿಚಯದವನು: ಸರ್ ಚಾರ್ಲ್ಸ್ ಟ್ರೆವೆಲ್ಯನ್. ನನ್ನ ಪಿಎಚ್‌ಡಿಯ ಮೊದಲ ಅಧ್ಯಾಯವೇ ಅವನು. ಬ್ರಿಟಿಷ್ ಖಜಾನೆಯ ಅಧಿಕಾರಿಯಾಗಿ ಐರ್ಲೆಂಡಿನ ಮಹಾಕ್ಷಾಮದಲ್ಲಿ ಪರಿಹಾರದ ಹಣದ ಕೀಲಿಕೈ ಹಿಡಿದಿದ್ದವನು, ಪುಕ್ಕಟೆ ಅನ್ನ ಜನರನ್ನು ಸೋಮಾರಿ ಮಾಡುತ್ತದೆ ಎಂದು ನಂಬಿದ್ದವನು. ತರುಣನಾಗಿದ್ದಾಗ ಕಂಪನಿ ಸರ್ಕಾರದ ನೌಕರನಾಗಿ ಭಾರತದಲ್ಲಿದ್ದ, ಮೆಕಾಲೆಯ ತಂಗಿಯನ್ನು ಮದುವೆಯಾಗಿದ್ದ. 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಮತ್ತೆ ಬಂದ. ಬಳ್ಳಾರಿ, ಮಂಗಳೂರುಗಳೂ ಆಗ ಅವನ ಆಡಳಿತದೊಳಗೇ ಇದ್ದವು. ಹೊಸ ಆದಾಯ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೆ ಮರುವರ್ಷವೇ ಅವನನ್ನು ವಾಪಸು ಕರೆಸಿಕೊಂಡರು. ಸ್ಕೈನ ಒಬ್ಬ ಹೆಂಗಸಿನ ಸಾಲವೂ ಬಳ್ಳಾರಿಯ ರೈತನ ಕಂದಾಯವೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಹಾದುಹೋದದ್ದನ್ನು ಅಜ್ಜಿಗೆ ಹೇಳಿದೆ. "ಹಾಗಾದರೆ ನೀನೂ ನಾನೂ ದೂರದ ನೆಂಟರು" ಎಂದರು.

*

ಅಜ್ಜಿಯ ತಾಯಿಯ ಕಡೆ ಹುಡುಕಿದರೆ "ಎಲ್ಲರೂ ಸ್ವತಂತ್ರರಾಗಿ ಬಂದವರು" ಎಂಬ ಮಾತು ಮೊದಲ ವಾರದಲ್ಲೇ ಬಿದ್ದುಹೋಯಿತು.

1830ರ ಚಳಿಗಾಲದಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿ ರೈತರು ಎದ್ದಿದ್ದರು. ವಾರಕ್ಕೆ ಏಳೆಂಟು ಶಿಲ್ಲಿಂಗ್ ಕೂಲಿ. ಚಳಿಗಾಲದಲ್ಲಿ ಕೈಗೆ ಸಿಗುತ್ತಿದ್ದ ಒಂದೇ ಕೆಲಸ ತೆನೆ ಬಡಿಯುವುದು. ಆ ಕೆಲಸಕ್ಕೂ ಯಂತ್ರ ಬಂದಿತ್ತು. ಜನ ಗುಂಪುಗೂಡಿ ಯಂತ್ರ ಒಡೆದರು. ಎಲ್ಲೂ ಇಲ್ಲದ 'ಕ್ಯಾಪ್ಟನ್ ಸ್ವಿಂಗ್' ಎಂಬವನ ಹೆಸರಿನಲ್ಲಿ ಸಾಹುಕಾರರಿಗೆ ಬೆದರಿಕೆ ಪತ್ರಗಳು ಹೋದವು. ಸರ್ಕಾರ ವಿಶೇಷ ನ್ಯಾಯಾಲಯಗಳನ್ನು ಕೂರಿಸಿ ಕೆಲವರನ್ನು ಗಲ್ಲಿಗೇರಿಸಿತು, ನೂರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತು. ವಿಲ್ಟ್‌ಶೈರಿನ ಬಹಳ ಮಂದಿ ಹೋದದ್ದು ಎಲೈಜಾ ಎಂಬ ಹಡಗಿನಲ್ಲಿ. 1831ರ ಫೆಬ್ರವರಿಯಲ್ಲಿ ಹೊರಟು ಮೇ ತಿಂಗಳಲ್ಲಿ ಹೋಬಾರ್ಟ್ ತಲುಪಿತು. ಅಜ್ಜಿಯ ತಾಯಿಯ ಕಡೆಯ ಹಿರಿಯ ಅದರಲ್ಲಿದ್ದ. ಯಂತ್ರ ಒಡೆದದ್ದಕ್ಕೆ ಏಳು ವರ್ಷ.

ಸ್ಕೈನ ಹೆಂಗಸನ್ನು ಹುಡುಕಲು ಮೂರು ತಿಂಗಳು ಬೇಕಾಗಿತ್ತು. ಈ ಕೈದಿ ಸಿಕ್ಕಿದ್ದು ಒಂದು ಮಧ್ಯಾಹ್ನದಲ್ಲಿ. ಟ್ಯಾಸ್ಮೇನಿಯಾದ ಕೈದಿ ದಾಖಲೆಗಳಷ್ಟು ವಿವರವಾದ ದಾಖಲೆ ಬಡವರ ಬಗ್ಗೆ ಜಗತ್ತಿನಲ್ಲೇ ಅಪರೂಪ. ಅವನ ಎತ್ತರ ಐದು ಅಡಿ ಐದೂವರೆ ಇಂಚು. ಕಂದು ಕಣ್ಣು. ಎಡ ಹುಬ್ಬಿನ ಮೇಲೆ ಗಾಯದ ಗುರುತು. ಮುಂಗೈಯಲ್ಲಿ ಹಚ್ಚೆ, ಎರಡು ಅಕ್ಷರ. ಉಳುವ ಕೆಲಸ ಬಲ್ಲವನು. ಊರಲ್ಲಿ ಹೆಂಡತಿ, ಎರಡು ಮಕ್ಕಳು. ಹಚ್ಚೆಯ ಅಕ್ಷರಗಳು ಆ ಹೆಂಡತಿಯ ಹೆಸರಿನವೇ ಇರಬೇಕು.

ಎಲೈಜಾದಲ್ಲಿ ಬಂದವರಲ್ಲಿ ಬಹಳ ಜನಕ್ಕೆ 1835, 1836ರ ಹೊತ್ತಿಗೆ ಕ್ಷಮಾದಾನ ಸಿಕ್ಕಿತು. ಆದರೆ ವಾಪಸು ಹೋಗುವ ಟಿಕೆಟ್ಟನ್ನು ಯಾರೂ ಕೊಡಲಿಲ್ಲ. ಅಜ್ಜಿಯ ಹಿರಿಯ ಕಡಲ್ಗಾಲುವೆ ದಾಟಿ ಈಗಿನ ವಿಕ್ಟೋರಿಯಾಕ್ಕೆ ಬಂದ, ಇಲ್ಲಿ ಇನ್ನೊಂದು ಮದುವೆಯಾದ. ಮದುವೆಯ ದಾಖಲೆಯಲ್ಲಿ 'ಅವಿವಾಹಿತ' ಎಂದು ಬರೆಸಿದ್ದಾನೆ. ಅಜ್ಜಿ ಎರಡು ವರ್ಷದ ಹಿಂದೆ ಉಗುಳಿನ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು. ಅದರಲ್ಲಿ ವಿಲ್ಟ್‌ಶೈರಿನ ಕಡೆಯ ಕೆಲವರು ದೂರದ ಸಂಬಂಧಿಗಳೆಂದು ತೋರಿಸುತ್ತಿತ್ತು. ಅದೇಕೆಂದು ಯಾರಿಗೂ ತಿಳಿದಿರಲಿಲ್ಲ. ಅವರು ಅವನ ಮೊದಲ ಹೆಂಡತಿಯ ಮಕ್ಕಳ ಸಂತಾನ.

ಅಜ್ಜಿಗೆ ಬೇಸರವಾದೀತು ಎಂದು ಅಳುಕುತ್ತಲೇ ಹೇಳಿದೆ. ಅವರು ಎದ್ದು ಹೋಗಿ ಮಗನಿಗೆ ಫೋನು ಮಾಡಿದರು. "ನಮ್ಮಲ್ಲೂ ಒಬ್ಬ ಕೈದಿ ಇದ್ದಾನೆ ಕಣೋ!" ಕಾಲ ಬದಲಾಗಿದೆ. ಅಜ್ಜಿಯ ತಂದೆ ಗೆರೆ ಎಳೆದು ಮುಚ್ಚಿದ್ದನ್ನು ಇಂದಿನವರು ಗೋಡೆಗೆ ಹಾಕಿಕೊಳ್ಳುತ್ತಾರೆ. ಅದರಲ್ಲೂ ಕೂಲಿಗಾಗಿ ಯಂತ್ರ ಒಡೆದವನೆಂದರೆ ಹೆಮ್ಮೆ.

ಆ ಹೊತ್ತಿಗೆ ನನಗೆ ಒಂದು ಸಂಗತಿ ಹೊಳೆದಿತ್ತು. ಬಡವರು ತಾವಾಗಿ ಏನನ್ನೂ ಬರೆದಿಟ್ಟವರಲ್ಲ. ಅವರು ಕಾಗದಕ್ಕೆ ಬರುವುದು ಯಾರಾದರೂ ಅವರಿಗೆ ಸಾಲ ಕೊಟ್ಟಾಗ, ಶಿಕ್ಷೆ ಕೊಟ್ಟಾಗ, ಇಲ್ಲವೇ ಎಣಿಸಿದಾಗ. ಸಾಲಗಾರನಿಗೆ ಬೇಕಾದದ್ದು ಹೆಸರು, ವಯಸ್ಸು, ಮೊತ್ತ. ಜೈಲರನಿಗೆ ಬೇಕಾದದ್ದು ಓಡಿಹೋದರೆ ಗುರುತು ಹಿಡಿಯುವ ಗಾಯ, ಹಚ್ಚೆ. ಅದಕ್ಕೇ ಕೈದಿಯ ಮುಂಗೈ ನನಗೆ ಗೊತ್ತು, ಗಂಡನನ್ನು ಕಾರ್ಕಿನಲ್ಲಿ ಮಣ್ಣು ಮಾಡಿ ಹಡಗು ಹತ್ತಿದ ಹೆಂಗಸಿನ ಮುಖ ಗೊತ್ತಿಲ್ಲ. ನಮ್ಮ ಹೆಳವರ ಲೆಕ್ಕದಲ್ಲೂ ಹೊಲ ಇದ್ದವರ ಹೆಸರಿತ್ತು. ನನ್ನ ಅಜ್ಜನ ಅವ್ವನಿಗೆ ಹೊಲವೂ ಇರಲಿಲ್ಲ, ಸಾಲವೂ ಇರಲಿಲ್ಲ.

*

ಪುಸ್ತಿಕೆ ಇಲ್ಲಿಗೆ ಮುಗಿಯಬಹುದಿತ್ತು. ಇಂಥ ಪುಸ್ತಿಕೆಗಳು ಸಾಮಾನ್ಯವಾಗಿ ಮುಗಿಯುವುದೂ ಹೀಗೆಯೇ: ಊರು, ಕಷ್ಟ, ಹಡಗು, ಕೊನೆಗೆ ಹೊಸ ನೆಲದಲ್ಲಿ ಬೇರು ಬಿಟ್ಟದ್ದು. ನಾನು ಆ ಹೊಸ ನೆಲದ ಕಾಗದವನ್ನೂ ನೋಡಿಬಿಡೋಣ ಎಂದುಕೊಂಡೆ.

ವಿಧವೆ ಮೆಲ್ಬರ್ನಿನಲ್ಲಿ ಇಳಿದಾಗ ಅವಳನ್ನು ಕೆಲಸಕ್ಕೆ ಕರೆದೊಯ್ದವನು ಗಿಪ್ಸ್‌ಲ್ಯಾಂಡಿನ ಒಬ್ಬ ಕುರಿ ಸಾಕಣೆದಾರ. ಅವಳಿಗೆ ಬಟ್ಟೆ ಒಗೆಯುವ ಕೆಲಸ, ಹದಿಮೂರು ವರ್ಷದ ಮಗನಿಗೆ ಕುರಿ ಕಾಯುವ ಕೆಲಸ. ಗಿಪ್ಸ್‌ಲ್ಯಾಂಡ್ ಮೆಲ್ಬರ್ನಿನ ಪೂರ್ವಕ್ಕಿದೆ. ಅಲ್ಲಿಗೆ ಬಿಳಿಯರಿಗೆ ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಆ್ಯಂಗಸ್ ಮ್ಯಾಕ್‌ಮಿಲನ್. ಅವನೂ ಸ್ಕೈ ದ್ವೀಪದವನು, ಗ್ಲೆನ್‌ಬ್ರಿಟಲ್‌ನಲ್ಲಿ ಹುಟ್ಟಿದವನು. 1838ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ. ಈ ಸೀಮೆಗೆ ಅವನು ಇಟ್ಟ ಹೆಸರು ಕ್ಯಾಲೆಡೋನಿಯಾ ಆಸ್ಟ್ರಾಲಿಸ್, ದಕ್ಷಿಣದ ಸ್ಕಾಟ್ಲೆಂಡ್. ಅದಕ್ಕೆ ಆಗಲೇ ಒಡೆಯರಿದ್ದರು, ಗುನೈಕುರ್ನೈ ಜನ. 1843ರಲ್ಲಿ ಒಬ್ಬ ಸ್ಕಾಟ್ ತರುಣನನ್ನು ಅವರು ಕೊಂದರೆಂದು ಕುದುರೆ ಹತ್ತಿ ಬಂದೂಕು ಹಿಡಿದ ವಸಾಹತುಗಾರರ ಗುಂಪು ವಾರಿಗಲ್ ಕ್ರೀಕ್ ಎಂಬಲ್ಲಿ ಅವರ ಬಿಡಾರವನ್ನು ಸುತ್ತುವರಿಯಿತು. ಗುಂಪಿನ ಮುಂದಾಳು ಮ್ಯಾಕ್‌ಮಿಲನ್ನನೇ ಎಂಬುದು ಇತಿಹಾಸಕಾರರ ಅಭಿಪ್ರಾಯ. ಸತ್ತವರನ್ನು ಯಾರೂ ಎಣಿಸಲಿಲ್ಲ. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಅವನ ಹೆಸರಿನ ಸ್ಮಾರಕ ಕಲ್ಲುಗಳು ಗಿಪ್ಸ್‌ಲ್ಯಾಂಡಿನ ರಸ್ತೆ ಬದಿಯಲ್ಲಿ ಇವತ್ತಿಗೂ ಇವೆ. ಅವನ ಹೆಸರಿನ ಲೋಕಸಭಾ ಕ್ಷೇತ್ರವೊಂದಿತ್ತು. 2019ರ ಚುನಾವಣೆಯ ಹೊತ್ತಿಗೆ ಅದರ ಹೆಸರು ಮೊನಾಶ್ ಎಂದು ಬದಲಾಯಿತು.

ಅಜ್ಜಿಯ ಕುಟುಂಬ ಬಂದದ್ದು ಇದಾಗಿ ಹತ್ತು ವರ್ಷದ ಮೇಲೆ. ಅವರು ಯಾರ ಮೇಲೂ ಬಂದೂಕು ಎತ್ತಿದವರಲ್ಲ. ಆದರೆ ಹಡಗಿನ ಖರ್ಚು ಎಲ್ಲಿಂದ ಬಂತು ನೋಡಿ. ವಲಸೆ ಆಯೋಗದ ಹಣದ ದೊಡ್ಡ ಮೂಲ ವಸಾಹತುಗಳಲ್ಲಿ ಜಮೀನು ಮಾರಿ ಬಂದದ್ದು. ಮೂಲನಿವಾಸಿಗಳಿಂದ ಕಸಿದ ನೆಲವನ್ನು ಸರ್ಕಾರ ಮಾರಿತು, ಆ ಹಣದಿಂದ ಸ್ಕೈನಲ್ಲಿ ನೆಲ ಕಳೆದುಕೊಂಡವರಿಗೆ ಹಡಗಿನ ಟಿಕೆಟ್ಟು ಕೊಂಡಿತು. ಒಬ್ಬರನ್ನು ಎಬ್ಬಿಸಿದ ದುಡ್ಡಿನಲ್ಲಿ ಇನ್ನೊಬ್ಬರನ್ನು ಸಾಗಿಸಿದ್ದು.

1869ರಲ್ಲಿ ವಿಕ್ಟೋರಿಯಾದ ಶಾಸನಸಭೆ ಎರಡು ಕಾಯಿದೆ ಮಾಡಿತು. ಭೂ ಕಾಯಿದೆಯ ಪ್ರಕಾರ ಯಾರು ಬೇಕಾದರೂ 320 ಎಕರೆವರೆಗೆ ಗುರುತಿಸಿಕೊಂಡು, ಮೂರು ವರ್ಷ ಅಲ್ಲೇ ಇದ್ದು, ಬೇಲಿ ಹಾಕಿ, ಹತ್ತರಲ್ಲಿ ಒಂದು ಪಾಲು ಉತ್ತಿದರೆ ಜಮೀನನ್ನು ತಮ್ಮದಾಗಿಸಿಕೊಳ್ಳಬಹುದು. ಇನ್ನೊಂದು, ಮೂಲನಿವಾಸಿಗಳ ರಕ್ಷಣಾ ಕಾಯಿದೆ. ಹೆಸರು ರಕ್ಷಣೆ. ಮೂಲನಿವಾಸಿಗಳು ಎಲ್ಲಿರಬೇಕು, ಎಲ್ಲಿ ಕೂಲಿ ಮಾಡಬೇಕು, ಅವರ ಮಕ್ಕಳನ್ನು ಎಲ್ಲಿಡಬೇಕು ಎಂದು ನಿಯಮ ಮಾಡುವ ಅಧಿಕಾರ ಅದರಿಂದ ಸರ್ಕಾರಕ್ಕೆ ಬಂತು. ಕುರಿ ಕಾಯುತ್ತಿದ್ದ ಹುಡುಗ, ಅಂದರೆ ಅಜ್ಜಿಯ ಮುತ್ತಜ್ಜ, 1870ರ ದಶಕದಲ್ಲಿ ಭೂ ಕಾಯಿದೆಯಡಿ ಜಮೀನು ಪಡೆದ. ಅವನ ಕಡತ ನಾರ್ತ್ ಮೆಲ್ಬರ್ನಿನ ಸರ್ಕಾರಿ ದಾಖಲೆಗಳ ಕಚೇರಿಯಲ್ಲಿದೆ: ಎಷ್ಟು ಉದ್ದದ ಬೇಲಿ, ಎರಡು ಕೋಣೆಯ ಮರದ ಮನೆ, ಎಷ್ಟು ಎಕರೆ ಆಲೂಗಡ್ಡೆ. ತಾಯಿ ಆ ಮನೆಯಲ್ಲೇ ತೀರಿಕೊಂಡಳು. ಮರಣಪತ್ರದಲ್ಲಿ ಹುಟ್ಟಿದ ಊರು ಸ್ಕೈ, ವಸಾಹತಿನಲ್ಲಿ ಮೂವತ್ತೊಂದು ವರ್ಷ. ಅವಳ ತಂದೆ ತಾಯಿಯ ಹೆಸರು ಇರಬೇಕಾದ ಜಾಗದಲ್ಲಿ 'ಗೊತ್ತಿಲ್ಲ'. ಹೇಳಿ ಬರೆಸಿದವನು ಮಗ. ಅವಳ ಮರಣಕ್ಕೆ ಎರಡು ವರ್ಷ ಮೊದಲು, 1882ರಲ್ಲಿ, ಸ್ಕೈನ ಬ್ರೇಸ್ ಎಂಬಲ್ಲಿ ಊರು ಬಿಡದೆ ಉಳಿದವರು ಪೊಲೀಸರ ಎದುರು ಕಲ್ಲು ಹಿಡಿದು ನಿಂತಿದ್ದರು. ಎರಡು ವರ್ಷ ಅನಂತರ, 1886ರಲ್ಲಿ, ಅವರಿಗೆ ನೆಲದಿಂದ ಎಬ್ಬಿಸಲಾಗದ ಹಕ್ಕು ಕಾನೂನಾಗಿ ಸಿಕ್ಕಿತು. ಇದೆಲ್ಲ ಅವಳ ಕಿವಿಗೆ ಬಿತ್ತೋ ಇಲ್ಲವೋ.

ಆ ಕಡತವನ್ನು ಓದುತ್ತಿದ್ದ ದಿನ ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯ ಕೂರಿ ಹೆಂಗಸು ಕೂತಿದ್ದರು. ಇಲ್ಲಿಯ ಮೂಲನಿವಾಸಿಗಳು ತಮ್ಮನ್ನು ಕರೆದುಕೊಳ್ಳುವ ಹೆಸರು ಕೂರಿ. ಜತೆಗೆ ಮೊಮ್ಮಗಳು. ಅವರ ಮುಂದಿದ್ದದ್ದು ಮೂಲನಿವಾಸಿಗಳ ರಕ್ಷಣಾ ಮಂಡಳಿಯ ಕಾಗದಪತ್ರ: ಮಿಷನ್ನುಗಳಲ್ಲಿ ಹಿಟ್ಟು ಸಕ್ಕರೆ ಹಂಚಿದ ಲೆಕ್ಕ, ಯಾರನ್ನು ಎಲ್ಲಿಗೆ ಕಳಿಸಲಾಯಿತೆಂಬ ಟಿಪ್ಪಣಿ. ಅವರೂ ತಮ್ಮ ಅಜ್ಜಿಯನ್ನೇ ಹುಡುಕುತ್ತಿದ್ದರು. ಊಟದ ಹೊತ್ತಿಗೆ ಹೊರಗೆ ಬೆಂಚಿನ ಮೇಲೆ ಮಾತಿಗೆ ಸಿಕ್ಕಾಗ, "ನಿಮ್ಮದು ಯಾರು?" ಎಂದು ಕೇಳಿದರು. ನಮ್ಮವರಲ್ಲ, ನನ್ನ ಮನೆಯೊಡತಿಯ ಹಿರಿಯರು, ಗಿಪ್ಸ್‌ಲ್ಯಾಂಡಿನವರು ಎಂದೆ. "ಓ, ನಾವೂ ಅಲ್ಲಿಯವರೇ" ಎಂದು ಸುಮ್ಮನಾದರು.

ಅಜ್ಜಿಗೆ ವಂಶಾವಳಿ ಎಂದರೆ ನೆಂಟರು ಸೇರುವ ಹಬ್ಬದ ಪುಸ್ತಿಕೆ. ಆ ಹೆಂಗಸಿನ ಜನಕ್ಕೆ ಅದು ನ್ಯಾಯಾಲಯದ ಸಾಕ್ಷಿ. ನೆಲದ ಮೇಲೆ ಮೂಲನಿವಾಸಿ ಹಕ್ಕು ಕೇಳುವವರು ತಾವು ಬಿಳಿಯರು ಬರುವಾಗ ಅಲ್ಲಿದ್ದವರ ಸಂತಾನವೇ ಎಂದು ತೋರಿಸಬೇಕು. ತೋರಿಸಲು ಆಧಾರ, ತಮ್ಮವರನ್ನು ಚದುರಿಸಿದವರೇ ಬರೆದಿಟ್ಟ ಲೆಕ್ಕದ ಪುಸ್ತಕ. 2010ರ ಅಕ್ಟೋಬರಿನಲ್ಲಿ ಫೆಡರಲ್ ನ್ಯಾಯಾಲಯ ಗಿಪ್ಸ್‌ಲ್ಯಾಂಡಿನಲ್ಲಿ ಗುನೈಕುರ್ನೈ ಜನರ ಹಕ್ಕನ್ನು ಮಾನ್ಯ ಮಾಡಿತು. ಸಾಲದ ಪುಸ್ತಕದಲ್ಲಿ ಅಜ್ಜಿಯ ಹಿರಿಯಳು ಸಿಕ್ಕಂತೆ, ಹಿಟ್ಟು ಸಕ್ಕರೆಯ ಪುಸ್ತಕದಲ್ಲಿ ಅವರ ಹಿರಿಯರು.

*

ಇದನ್ನು ಅಜ್ಜಿಗೆ ಹೇಳಬೇಕೇ ಬೇಡವೇ ಎಂದು ಎರಡು ವಾರ ಒದ್ದಾಡಿದೆ. ನಾನು ಹೊರಗಿನವಳು, ಅವರ ಮನೆಯಲ್ಲಿ ಇರುವವಳು. ಕೈದಿಯ ಸುದ್ದಿ ಹೇಳಿದಾಗ ಕುಣಿದಾಡಿದ್ದರು. ಆ ಕಥೆಯಲ್ಲಿ ಅನ್ಯಾಯ ಆದದ್ದು ಅವರ ಕಡೆಯವರಿಗೆ. ಇದು ಹಾಗಲ್ಲ. ನನ್ನ ಊರಿನ ಹೊಲದ ಬಗ್ಗೆ ಯಾರಾದರೂ ಹೀಗೆ ಕಾಗದ ಹಿಡಿದು ಬಂದರೆ ಅಪ್ಪ ಏನನ್ನಬಹುದು ಎಂದೂ ಯೋಚಿಸಿದೆ. ಹೆಳವ ಹೇಳುತ್ತಿದ್ದದ್ದು ನಾವು ಆ ಊರಿಗೆ ಬಂದ ಮೇಲಿನ ಕಥೆ. ನಾವು ಬರುವ ಮೊದಲು ಆ ಹೊಲ ಯಾರದ್ದಿತ್ತು ಎಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೊನೆಗೆ ಕಾಗದಗಳ ನಕಲುಗಳನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಹೇಳಿದೆ. ಅಜ್ಜಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು. "ನಮ್ಮವರು ಏನೂ ಮಾಡಿಲ್ಲ ಅಲ್ವಾ?" ಎಂದರು. ಮಾಡಿದ್ದಕ್ಕೆ ದಾಖಲೆ ಇಲ್ಲ ಎಂದೆ. "ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ" ಎಂದು ಎದ್ದುಹೋದರು. ನಾಲ್ಕು ದಿನ ಆ ಮಾತೇ ಬರಲಿಲ್ಲ.

ಪುಸ್ತಿಕೆಯ ಕರಡನ್ನು ಅವರೇ ಟೈಪು ಮಾಡಿದ್ದರು. ಅದರಲ್ಲಿ ಮುತ್ತಜ್ಜನ ಬಗ್ಗೆ, ಆಸ್ಟ್ರೇಲಿಯಾದ ಕುಟುಂಬ ಚರಿತ್ರೆಗಳಲ್ಲೆಲ್ಲ ಬರುವ ಮಾತೇ ಇತ್ತು: ಅವನು ಗಿಪ್ಸ್‌ಲ್ಯಾಂಡಿನಲ್ಲಿ ಜಮೀನು 'ಟುಕ್ ಅಪ್'. ಈ 'ಟುಕ್ ಅಪ್' ಎಂದರೆ ಉಳಲು ಹಿಡಿದ, ಸಾಗು ಶುರು ಮಾಡಿದ ಎಂಬಂಥ ಮಾತು. ಬಿದ್ದಿದ್ದನ್ನು ಎತ್ತಿಕೊಂಡ ಹಾಗೆ ಕೇಳಿಸುತ್ತದೆ. ಐದನೆಯ ದಿನ ಬೆಳಿಗ್ಗೆ ನಾನು ಚಹಾ ಮಾಡಿಕೊಳ್ಳಲು ಹೋದಾಗ ಕರಡು ಮೇಜಿನ ಮೇಲಿತ್ತು. ಆ ಸಾಲಿನಲ್ಲಿ 'ಅಪ್' ಎಂಬ ಎರಡಕ್ಷರದ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿತ್ತು. ಉಳಿದದ್ದು 'ಟುಕ್'. ತೆಗೆದುಕೊಂಡ. ಪಕ್ಕದ ಅಂಚಿನಲ್ಲಿ, ಯಾರಿಂದ ಎಂಬುದನ್ನೂ ಬರೆದಿದ್ದರು.

ಅದೇ ಹಾಳೆಯ ಮೇಲುಗಡೆ ವಂಶವೃಕ್ಷದ ಚಿತ್ರವಿತ್ತು. ತುದಿಯಲ್ಲಿ ಆ ವಿಧವೆಯ ಹೆಸರು, ತವರಿನ ಹೆಸರಿನ ಸಮೇತ. ಅವಳಿಗಿಂತ ಮೇಲೆ ಎರಡು ಖಾಲಿ ಚೌಕ. ಅವಕ್ಕಾಗಿ ಸ್ಟ್ರಾತ್ ಪ್ಯಾರಿಷ್ಷಿನ ಪುಸ್ತಕಗಳನ್ನು ಮತ್ತೊಮ್ಮೆ ನೋಡಬೇಕು. ಅದಕ್ಕೂ ಮೊದಲು ಊರಿಗೆ ಫೋನು ಮಾಡಿ ಈ ಸಲದ ಸುಗ್ಗಿಗೆ ಹೆಳವರು ಬಂದರೆ ಎರಡು ಪ್ರಶ್ನೆ ಕೇಳಿಡು ಎಂದು ಅಪ್ಪನಿಗೆ ಹೇಳಿದ್ದೇನೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇದು ನೀನ ಬಂದು ಕೇಳವ್ವ" ಎಂದ.